ಮೂರು ಬೆರಳಿನ ಹೆಜ್ಜಿ

ಖಾಕಿ ಹಾಕ್ಕೊಂಡಾಂವ ಸಾಲ್ಯಾಗ ನಿಂತು ಪಾಠಾ ಹೇಳ್ತಾನಂದ್ರ ನಂಬೂ ಮಾತೇನ್ರಿ ಅದು? ಸಿದರಾಯಗಂತೂ ನಂಬಿಗಿ ಬರಲಿಲ್ಲ. ಫಾರೆಸ್ಟ್‌ನವರು ಹೆಂಗಿರ್ತಾರ ಅನ್ನೂದು ಅಂವಗ ಕುರಿ ಹಿಂದ ಓಡಾಡೂ ವಯಸ್ಸಿನಿಂದ ಗೊತ್ತಿತ್ತು. ಮಡ್ಡಿ ಮ್ಯಾಲ ಕುರಿ ಬಿಟ್ರ ಬೈಯ್ಯಾಕ ಬರ್ತಾರ. ಒಣಾ ಕಟಗಿ ಆರಿಸಿದ್ರ ಕೊಡ್ಲಿ ಕಸಗೊಂಡ ಹೋಗ್ತಾರ. ಸುಮ್ಮನ ಜೀಪ್ ನಿಲ್ಲಿಸಿ ಮಾರಿ ನೋಡ್ಕೋತ ನಿಂತ್ರೂ ಸಾಕು, ಏನೂ ಮಾಡದಾಂವಗೂ ತಾ ಏನೋ ಮಾಡೀನಿ ಅನಸ್ತೈತಿ. ಅಂಥಾವ್ರು ಈಗ ಕೈಯಾಗ ಖಡು ಹಿಡಕೊಂಡು ಬೋರ್ಡಿನ ಮುಂದ ನಿಂತು, "ಮಕ್ಕಳೇ, ಇದು ಯಾವ ಹಕ್ಕಿ?" ಅಂತ ಕೇಳ್ತಾರಂತ. ಏ ಬಿಡ್ರಿ!

ನಗೂ ಮಾತಂದ್ರ, ಅವರನ್ನ ಕರಸಾಕ ಹೂಂ ಅಂದಾಂವ ಸಿದರಾಯನ. ಬೀಳಗಿ ಕಡೆ ಮಡ್ಡಿ ಮ್ಯಾಲಿನ ಆ ಸಣ್ಣ ಊರಿನ ಸಾಲಿ ಕಮೀಟಿಗಿ ಅಂವ ಅಧ್ಯಕ್ಷ. ಆರಿಸೂ ದಿನಾ ಉಳದವರೆಲ್ಲ ಕೆಲಸದ ನೆವಾ ಹೇಳಿ ಪಾರಾಗಿದ್ರು, ಇಂವ ಒಬ್ಬ ಸಿಕ್ಕಿದ್ದ. ಸಾಲಿ ದೊಡ್ಡಕ್ಕೋರು ಅನುಸೂಯಾ ಒಂದಿನ ಮೀಟಿಂಗ್‌ನ್ಯಾಗ, "ನಮ್ಮ ಹುಡುಗೂರು ಕಾಂಗರೂ ಚಿತ್ರಾ ನೋಡಿ ಪಾಠಾ ಬರೀತಾವು. ಮಡ್ಡ್ಯಾಗ ಓಡಾಡೂ ಚಿಗರಿ ಬಗ್ಗಿ ಒಂದ ಅಕ್ಷರ ಗೊತ್ತಿಲ್ಲ. ಹೊಸಾ ರೇಂಜರ್ ಸಾಹೇಬ್ರು ತೇರದಾಳದವ್ರು, ಬಾಳ ಛಲೋ ಮನಿಷಾರು. ವಾರಕ್ಕೊಮ್ಮಿ ಬಂದು ನಿಸರ್ಗದ ಪಾಠಾ ಹೇಳ್ರಿ ಅಂತ ಕರೀಲೇನು?" ಅಂದಿದ್ರು. ಸಿದರಾಯನ ಲಕ್ಷ್ಯ ಉಣ್ಣೆ ಕತ್ತರಿಸಬೇಕಾದ ಕುರಿ ಮ್ಯಾಲಿತ್ತು. "ಆತ ಬಿಡ್ರಿ ಅಕ್ಕೋರ" ಅಂದು ಎದ್ದು ಬಂದಿದ್ದ.

ಆವಾಗ ಗಾಳ್ಯಾನ ಬಾಯಿಗಿ ರಕ್ತ ಹತ್ತಿರಲಿಲ್ಲ.

ಗಾಳ್ಯಾ ಅಂದ್ರ ಅವರ ಮನಿ ನಾಯಿ. ಮುಧೋಳ ಜಾತೀದು, ತಿಮ್ಮಾಪುರ ಕಡೆಯ ಬೀಗರು ಕೊಟ್ಟದ್ದು. ಉದ್ದನ್ನ ಮಾರಿ, ಹೊಟ್ಟಿ ಬೆನ್ನಿಗಿ ಹತ್ತಿದ್ದು, ಓಡಾಕ ನಿಂತ್ರ ಕಣ್ಣಿಗಿ ಕಾಣೂದಿಲ್ಲ. ಮಗಳು ಶೈಲಾ ಎರಡನೇತ್ತ ಇದ್ದಾಗ ಬಂದಿತ್ತು. ಅಕೀನ ಅರಬಿ ಬತ್ತಿ ಹಾಲಾಗ ಎದ್ದಿ ಕುಡಿಸಿ ಬೆಳಸಿದ್ಳು. ಮರಿ ಇದ್ದಾಗ ಕಬ್ಬಿನ ಟ್ರೇಲರ್ ಗಾಲ್ಯಾಗ ಸಿಕ್ಕು ಎಡಗಡೆ ಮುಂಗಾಲಿನ ಒಂದು ಬೆರಳು ಹೋಗಿತ್ತು. ಮಣ್ಣಾಗ ಆ ಕಾಲ ಊರಿದ್ರ ಮೂರ ಬೆರಳು ಮೂಡ್ತಿದ್ವು. ಸಂತಿಗಿ ಹೋಗೂ ಮುದುಕಿಯರು ಸೈತ ದಾರ್ಯಾಗ ಆ ಹೆಜ್ಜಿ ನೋಡಿ, "ಸಿದರಾಯನ ನಾಯಿ ಈ ಕಡೆ ಹೋಗೇತಿ" ಅಂತಿದ್ರು.

ಮೀಟಿಂಗ್ ಆದ ಮ್ಯಾಲ ಒಂದಿನ ನಸಿಕಿನ್ಯಾಗ ಗಾಳ್ಯಾ ಮನಿಗಿ ಬಂತು. ಬಾಲಾ ಅಲ್ಲಾಡಸ್ಕೋತ, ಬಾಯೆಲ್ಲ ಕೆಂಪ ಮಾಡ್ಕೊಂಡು. ಸಿದರಾಯ ಮೈ ಸವರಿ ನೋಡಿದ, ನಾಯಿಗಿ ಗಾಯ ಇದ್ದಿಲ್ಲ. ಅದು ಬಂದ ದಾರಿ ಹಿಡದು ಹೋದ. ಡಾಂಬರ ರಸ್ತಾ ದಾಟಿ ಸ್ವಲ್ಪ ಒಳಗ, ಜಾಲಿಕಂಟಿ ಬುಡಕ ಒಂದು ಹೆಣ್ಣ ಚಿಗರಿ ಬಿದ್ದಿತ್ತು. ನೊಣಾ ಮುಕರಿದ್ವು. ಸುತ್ತ ಒಂದು ನೋಟಾ ಹಾಯಿಸಿದ, ಯಾರೂ ಇದ್ದಿಲ್ಲ. ಓಡಿ ಹೋಗಿ ಹಟ್ಟಿಯಿಂದ ಹಾರಿ ಸಲಿಕಿ ತಂದ, ತಗ್ಗ ತೋಡಿ ಅದನ್ನ ಎಳದು ಹಾಕಿ ಮುಚ್ಚಿ, ಮ್ಯಾಲ ಕಲ್ಲ ಒಟ್ಟಿದ. ಚಿಗರಿ ಸತ್ತದ್ದು ಗೊತ್ತಾದ್ರ ಮೊದಲು ನಾಯಿ ಹೋಗ್ತೈತಿ, ಆಮ್ಯಾಲ ಮಡ್ಡ್ಯಾಗ ಕುರಿ ಬಿಡೂದ ಬಂದ್ ಆಗ್ತೈತಿ, ಕಡೀಕ ತಾನೂ ಜೈಲಿಗಿ. ಇಷ್ಟ ಅಂವನ ತಲ್ಯಾಗ ಇದ್ದದ್ದು. ಮನಿಗಿ ಬಂದು ನಾಯಿ ಬಾಯಿ ತೊಳೆಯೂ ಮುಂದ ಶೈಲಾ ಎದ್ದು ಬಂದು ಕೇಳಿದ್ಳು. "ಮೊಲಾ ಹಿಡದೈತಿ, ಹೋಗ್ ಒಳಗ" ಅಂದ. ಹೆಂಡತಿ ಸಾತವ್ವಗ ಅಷ್ಟ ಖರೆ ಹೇಳಿದ.

ಅದರ ಮುಂದಿನ ವಾರನ ರೇಂಜರ್ ಬಂದ.

ಸಂಜಿಕ ಶೈಲಾ ಕುಣ್ಕೋತ ಬಂದು ವರದಿ ಒಪ್ಪಿಸಿದ್ಳು. ಸರ್ ಹೆಸರು ಭೂಪಾಲ ಅಂತ. ಹಕ್ಕಿ ಕೂಗಿದಂಗ ಕೂಗ್ತಾರಂತ. ಯಾರ ಮನ್ಯಾಗ ಯಾವ ಯಾವ ಪ್ರಾಣಿ ಅದಾವು ಅಂತ ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳಿದ್ರಂತ.

"ಕೇಳಿದ್ನ? ಯಾಕ ಕೇಳಿದ?" ಸಿದರಾಯನ ಕಿವಿ ನೆಟ್ಟಗಾದ್ವು.

"ಸುಮ್ಮನ ಕೇಳಿದ್ರಪಾ. ನಾ ಗಾಳ್ಯಾನ ಹೆಸರ ಹೇಳಿದೆ. ಗಾಳ್ಯಾ ನನ್ನ ಹಿಂದ ಬಂದು ಸಾಲಿ ಗೇಟಿನ್ಯಾಗ ಮಲಗಿತ್ತಲ್ಲ, ಹೋಗೂ ಮುಂದ ಸರ್ ಅದರ ಮೈ ಸವರಿದ್ರು. ಕಾಲ ಎತ್ತಿ ನೋಡಿ, ಬೆರಳ ಎಲ್ಲಿ ಹೋತು ಅಂದ್ರು."

"ಕಾಲ ನೋಡಿದ್ನ!"

ಮುಗೀತು. ಅಂದಿನಿಂದ ಸಿದರಾಯಗ ಊಟಾ ಸೇರಲಿಲ್ಲ. ಚಿಗರಿ ಸತ್ತಲ್ಲಿ ಹೆಜ್ಜಿ ಸಿಕ್ಕಿರಬೇಕು. ಹೆಜ್ಜಿ ಹಿಡದು ನಾಯಿ ಹುಡುಕಾಕ ಬಂದಾನ. ಸೀದಾ ಮನಿಗಿ ಬಂದ್ರ ಊರು ಒಂದಾಗ್ತೈತಿ ಅಂತ ತಿಳದು ಸಾಲಿ ಬಾಗಿಲದಿಂದ ಹೊಕ್ಕಾನ. ಎಂಥಾ ತಲಿ ನೋಡ್ರಿ! ಅದೂ ತೇರದಾಳದ ಜೈನ ಮನಿಷಾ. ಹೊತ್ತ ಮುಳಗಿದ ಮ್ಯಾಲ ಉಣ್ಣದವ್ರು, ಇರಿವಿ ತುಳೀಬಾರದಂತ ನೆಲಾ ನೋಡಿ ನಡಿಯೂ ಮಂದಿ. ಅಂಥಾಂವ ಚಿಗರಿ ಕೊಂದ ನಾಯೀನ ಬಿಟ್ಟಾನ?

ಬಸ್‌ಸ್ಟ್ಯಾಂಡ್ ಚಹಾದಂಗಡಿ ಮುತ್ತಣ್ಣನಿಗಿ ಚಿಗರಿ ಸುದ್ದಿ ಗೊತ್ತಿರಲಿಲ್ಲ, ಆದ್ರೂ ಉರಿಯೂದಕ್ಕ ಎಣ್ಣಿ ಹೊಯ್ಯಾಕ ಅಂವಗ ಏನೂ ಗೊತ್ತಿರಬೇಕಂತಿಲ್ಲ. "ಅಲ್ಲೋ ಸಿದರಾಯಾ, ಸರ್ಕಾರದಾಂವ ಪುಕ್ಕಟ್ಟೆ ಬಂದು ಯಾಕ ಪಾಠಾ ಹೇಳ್ತಾನ? ಹುಡುಗೂರ ಬಾಯಾಗ ಮಾತ ನಿಲ್ಲೂದಿಲ್ಲ. ಯಾರ ಮನ್ಯಾಗ ಏನೈತಿ, ಯಾರ ಕುರಿ ಎಲ್ಲಿ ಮೇಯ್ತಾವು, ಎಲ್ಲಾ ಬಂದ ಬಿಡ್ತೈತಿ" ಅಂದ. ಸಿದರಾಯ ಅರ್ಧಾ ಚಹಾ ಬಿಟ್ಟು ಎದ್ದ. ಮನಿಗಿ ಬಂದವನ ಗಾಳ್ಯಾನ ಕೊಟ್ಟಿಗ್ಯಾಗ ಕಟ್ಟಿ ಹಾಕಿದ. ಕಟ್ಟಿ ಗೊತ್ತಿಲ್ಲದ ನಾಯಿ ಇಡೀ ದಿನಾ ಕುಂಯ್ ಕುಂಯ್ ಅಂತು.

ಎರಡನೇ ಪಾಠದಾಗ ರೇಂಜರ್ ಬಿಳೇ ಹಿಟ್ಟಿನಂಥಾ ಪುಡಿ ತಂದಿದ್ದ. ನೀರಾಗ ಕಲಸಿ ಮಣ್ಣಾಗಿನ ಹೆಜ್ಜಿ ಮ್ಯಾಲ ಹೊಯ್ದ್ರ ಕಲ್ಲಿನಂಗ ಗಟ್ಟಿ ಆಗ್ತೈತಿ, ಎತ್ತಿದ್ರ ಹೆಜ್ಜಿ ಹೆಂಗಿತ್ತೋ ಹಂಗ ಬರ್ತೈತಿ. ಶೈಲಾ ಕೋಳಿ ಹೆಜ್ಜೀದು ಒಂದು ಮಾಡಿ ಮನಿಗಿ ತಂದಿದ್ಳು. "ಮುಂದಿನ ವಾರ ಸರ್ ತಾವು ಎತ್ತಿದ ಹೆಜ್ಜಿ ತರ್ತಾರಂತ. ಯಾರ ಹೆಜ್ಜಿ ಅಂತ ನಾವು ಹೇಳಬೇಕು."

ಸಿದರಾಯ ಆ ಕೋಳಿ ಹೆಜ್ಜೀನ ಕೈಯಾಗ ಹಿಡಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಉಗುರಿನ ಗೀರ ಸೈತ ಬಿಟ್ಟಿರಲಿಲ್ಲ.

"ನೋಡಿದಿ?" ಅಂತ ಸಾತವ್ವಗ ಹೇಳಿದ. "ಹೆಜ್ಜಿ ಅಂವನ ಹಂತ್ಯಾಕ ಐತಿ. ನಾಯಿ ಯಾರದು ಅಂತ ಹುಡುಗೂರ ಬಾಯಿಲೆ ಹೇಳಸ್ತಾನ. ಸಾಕ್ಷಿ ಬೇಕಲ್ಲ ಅಂವಗ!"

"ನಿನ್ನ ತಲ್ಯಾಗ ಹುಳಾ ಹೊಕ್ಕೈತಿ" ಅಂದ್ಳು ಸಾತವ್ವ ರೊಟ್ಟಿ ಬಡ್ಕೋತ. "ಅಷ್ಟ ಅಂಜಿಕಿ ಇದ್ರ ಹೋಗಿ ಸೀದಾ ಹೇಳ. ಹಿಂಗಿಂಗ ಆತ್ರಿ ಸಾಹೇಬ್ರ ಅನ್ನು. ಅವ್ರೇನು ನಿನ್ನ ತಿಂತಾರ?"

"ನಿನಗ ತಿಳಿಯೂದಿಲ್ಲ, ಸುಮ್ಮಕಿರ ಬೇ."

"ನನಗ ತಿಳಿಯೂದಿಲ್ಲ, ನಿನಗ ಬಾಳ ತಿಳೀತೈತಿ. ಅದಕ್ಕ ಮನಷ್ಯಾರಂತ ನಾಯೀನ ಕಟ್ಟಿ ಹಾಕಿ ಅಳಸಾಕತ್ತಿ."

ಸಿದರಾಯಗ ಆ ಮಾತು ಹತ್ತಲಿಲ್ಲ. ಅಂವ ಬ್ಯಾರೆ ಹಾದಿ ಹುಡುಕಿದ್ದ. ಅವರ ಓಣಿ ಅಂದ್ರ ಎಲ್ಲಾ ಬೀರಪ್ಪನ ಒಕ್ಕಲು. ಬೀರಪ್ಪನ ಭಂಡಾರ, ಅಂದ್ರ ಗುಡಿ ಅರಿಷಿಣಾ, ಮುಟ್ಟಿ ಆಣಿ ಮಾಡಿದ್ರ ಮಾತು ಹೊಳ್ಳಸೂ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ಹೊಲದ ಬಾಂದಿನ ಜಗಳಾ, ಕುರಿ ಕಳುವಿನ ಜಗಳಾ, ಕೋರ್ಟಿಗಿ ಹೋಗದ ಅಲ್ಲೇ ಮುಗೀತಿದ್ವು. ಪಾಠದ ದಿನಾ ಬೆಳಿಗ್ಗಿ ಸಾಲಿಗಿ ಹೊಂಟ ಹುಡುಗೂರನ್ನೆಲ್ಲ ಸಿದರಾಯ ಗುಡಿ ಕಟ್ಟಿಗಿ ಕರದ. ಆರನೇತ್ತ ಏಳನೇತ್ತ ಎಲ್ಲಾ ಅವರ ಓಣಿ ಹುಡುಗೂರನ. ಒಬ್ಬೊಬ್ಬರ ಅಂಗೈಯಾಗ ಚಿಟಿಕಿ ಭಂಡಾರ ಹಾಕಿದ.

"ಹಣೀಗಿ ಹಚಗೋರಿ. ಫಾರೆಸ್ಟ್ ಸಾಹೇಬನ ಮುಂದ ಗಾಳ್ಯಾನ ಹೆಸರ ಎತ್ತೂದಿಲ್ಲ ಅಂತ ಆಣಿ ಮಾಡ್ರಿ. ಗಾಳ್ಯಾ ಅನಬಾರದು, ಸಿದರಾಯನ ನಾಯಿ ಅನಬಾರದು, ಹೆಜ್ಜಿ ತೋರಿಸಿದ್ರ ಗೊತ್ತು ಅನಬಾರದು."

"ಯಾಕ ಕಾಕಾ?" ಅಂದ ಮಾಳು ಅನ್ನೂ ಹುಡುಗ.

"ಯಾಕ ಅಂತ ಕೇಳಬಾರದು ಲೇ. ಬೀರಪ್ಪಗ ಎದುರ ಮಾತಾಡ್ತೀ?"

ಹುಡುಗೂರು ಹಳದಿ ಹಚಗೊಂಡ್ರು. ಶೈಲಾ ಕಡೀಕ ನಿಂತಿದ್ಳು. ಅಪ್ಪನ ಮಾರಿ ನೋಡಿದ್ಳು, ಅಂಗೈ ನೋಡಕೊಂಡ್ಳು. "ಗಾಳ್ಯಾ ಏನರ ಮಾಡೇತೇನಪಾ?" ಅಂತ ಕೇಳಿದ್ಳು. ಸಿದರಾಯ ತಾನ ಅಕಿ ಹಣೀಗಿ ಭಂಡಾರ ಹಚ್ಚಿದ. ಅಕಿ ಕಣ್ಣ ಮುಚ್ಚಿ ಆಣಿ ಮಾಡಿದ್ಳು.

ಆದ್ರೂ ಅಂವಗ ಸಮಾಧಾನ ಇಲ್ಲ. ಕಮೀಟಿ ಅಧ್ಯಕ್ಷ ಅಲ್ಲೇನು, ಪಾಠಾ ಹೆಂಗ ನಡದೈತಿ ನೋಡಾಕ ಬಂದೀನಿ ಅಂತ ಟೊಪಗಿ ಹಾಕ್ಕೊಂಡು ಸಾಲಿಗಿ ಹೋದ. ಅನುಸೂಯಾ ಅಕ್ಕೋರಿಗಿ ಖುಷಿನ ಖುಷಿ. "ಬರ್ರಿ ಬರ್ರಿ, ನೋಡ್ರಿ ನಿಮ್ಮ ಹುಡುಗೂರು ಎಷ್ಟ ಹುಷಾರ ಆಗ್ಯಾರ. ಎಲ್ಲಾರೂ ಭಂಡಾರ ಹಚಗೊಂಡ ಬಂದಾರ, ಇವತ್ತೇನು ವಿಶೇಷ?" ಅಂದ್ರು. "ಹಂಗ ಸುಮ್ಮನ ರಿ" ಅಂತ ಸಿದರಾಯ ಹಿಂದಿನ ಬೆಂಚಿನ ಮ್ಯಾಲ ಮೊಣಕಾಲ ಮಡಚಿ ಕುಂತ.

ರೇಂಜರ್ ಭೂಪಾಲ ಬಂದ. ಸಣ್ಣ ವಯಸ್ಸಿನಾಂವ, ತೆಳ್ಳಗ, ಮೀಸಿ ಇಲ್ಲದ ಮಾರಿ. ಸಿದರಾಯಗ ಕೈ ಮುಗದು ನಕ್ಕ. ಮುಂಗಾಲ ಮಡಚಿ ಕುಂತ ಬೆಕ್ಕು ಹಂಗ ನಗ್ತೈತಿ ಅನಿಸ್ತು ಸಿದರಾಯಗ. ರೇಂಜರ್ ಟೇಬಲ್ ಮ್ಯಾಲ ಬಿಳೇ ಹೆಜ್ಜಿ ಸಾಲಾಗಿ ಇಟ್ಟು ಒಂದೊಂದ ಎತ್ತಿ ತೋರಿಸಿದ.

"ನವಿಲು!" ಅಂತ ಹುಡುಗೂರು ಒದರಿದ್ವು.

"ಇದು?"

"ಮುಳ್ಳಹಂದಿ! ನಮ್ಮ ಹೊಲಕ್ಕ ಬರ್ತೈತ್ರಿ ಸರ್!"

"ಇದು?"

"ಚಿಗರಿ!"

ಆ ಶಬ್ದ ಕೇಳಿದ್ದ ತಡ ಸಿದರಾಯ ಟೊಪಗಿ ಕಣ್ಣತನಕಾ ಇಳಿಸಿದ. ರೇಂಜರ್ ಕಡೀ ಹೆಜ್ಜೀನ ಕೈಗಿ ತಗೊಂಡ. ಶೈಲಾನ ಕಡೆ ನೋಡಿ, ಹುಬ್ಬ ಏರಿಸಿ, ನಕ್ಕ.

"ಇದು ಎಲ್ಲಾಕಿಂತ ಸಸಾರ. ಯಾರ ಹೇಳ್ತೀರಿ?"

ಮೂರು ಬೆರಳು. ಹಿಂದಿನ ಬೆಂಚಿನಿಂದನೂ ಸಾಫ ಕಾಣತಿತ್ತು.

ಅಲ್ಲೀತನಕಾ ಸಂತಿ ನಡಸಿದ್ದ ಕ್ಲಾಸು ಗಪ್ ಆತು. ಒಬ್ಬ ಹುಡುಗನೂ ಮಾರಿ ಎತ್ತಲಿಲ್ಲ. ಮಾಳು ಪಾಟಿ ಚೀಲದಾಗ ಕೈ ಹಾಕಿ ಇಲ್ಲದ್ದೇನೋ ಹುಡುಕಿದ. ಅನುಸೂಯಾ ಅಕ್ಕೋರು ಅತ್ತಾಗ ಇತ್ತಾಗ ನೋಡಿದ್ರು. "ಯಾಕ್ರೋ? ಮುಳ್ಳಹಂದಿ ಗೊತ್ತಾದವ್ರಿಗಿ ಇದು ಗೊತ್ತಿಲ್ಲ?"

ಶಬ್ಬಾಶ್ ಮಕ್ಕಳಾ, ಅಂದ ಸಿದರಾಯ ಮನಸಿನ್ಯಾಗ. ಬೀರಪ್ಪ ದೊಡ್ಡಾಂವ.

ರೇಂಜರ್ ತಲಿ ಕೆರಕೊಂಡ. ಹೆಜ್ಜೀನ ಶೈಲಾನ ಬೆಂಚಿನ ಮ್ಯಾಲ ತಂದಿಟ್ಟ. "ನೀ ಹೇಳವ್ವಾ. ನಿನಗ ಗೊತ್ತೈತಿ."

ಶೈಲಾ ಎದ್ದ ನಿಂತ್ಳು. ಹಣಿ ಮ್ಯಾಲಿನ ಭಂಡಾರ ಬೆವರಿಗಿ ಕರಗಿ ಮೂಗಿನ ಮ್ಯಾಲ ಇಳದಿತ್ತು. ತಾನ ಹಾಲ ಕುಡಿಸಿ ಬೆಳಸಿದ ನಾಯಿ ಕಾಲಿನ ಹೆಜ್ಜಿ ಅದು. ಅದರ ಮ್ಯಾಲ ಒಂದ್ಸಲ ಬೆರಳ ಆಡಿಸಿದ್ಳು.

"ತ್ವಾಳದ್ದರೀ ಸರ್."

"ತ್ವಾಳ?"

"ಹೌದ್ರಿ, ತ್ವಾಳರಿ!" ಅಂದ ಮಾಳು. ದಾರಿ ಸಿಕ್ಕಿತು ಅಂತ ಎಲ್ಲಾ ಹುಡುಗೂರು ಒದರಾಕತ್ತಿದ್ವು. ತ್ವಾಳ ಸರ್, ಖರೆನ ತ್ವಾಳ ಸರ್.

ರೇಂಜರ್ ಕೈ ಕಟ್ಟಿ ನಿಂತ. ಅಂವನ ಕಣ್ಣಾಗ ಚೇಷ್ಟೆ ಇತ್ತು, ಆದ್ರ ಹಿಂದಿನ ಬೆಂಚಿಗಿ ಅದು ಚೇಷ್ಟೆ ಆಗಿ ಕಾಣಲಿಲ್ಲ. "ಅಬ್ಬಬ್ಬಾ! ಹಂಗಾರ ಬಾಳ ಅವಘಡ ಆತು. ಮೂರು ಬೆರಳಿನ ಕುಂಟ ತ್ವಾಳ ಊರಾಗ ಹುಡುಗೂರ ಹಂತ್ಯಾಕ ಓಡಾಡ್ತೈತಿ ಅಂದ್ರ ಬಿಡಾಕ ಬರೂದಿಲ್ಲ. ಇವತ್ತ ಬೋನ ತರಸ್ತೀನಿ. ಹಿಡದು ದೂರ ಒಯ್ದು ಬಿಡೂಣ. ಏನಂತೀ ಶೈಲಾ?"

ಶೈಲಾ ಸಿಕ್ಕೊಂಡಿದ್ಳು. ಹೂಂ ಅನ್ನಂಗಿಲ್ಲ, ಊಂಹೂಂ ಅನ್ನಂಗಿಲ್ಲ. ಕಣ್ಣಾಗಿಂದ ಟಪ್ ಅಂತ ನೀರು ಆ ಬಿಳೇ ಹೆಜ್ಜಿ ಮ್ಯಾಲ ಬಿತ್ತು. ಬಾಯಿ ಮಾತ್ರ ತಗೀಲಿಲ್ಲ.

ಅಯ್ಯ, ಮಗಳು ಅಳೂದನ್ನ ನೋಡಿ ಯಾವ ಅಪ್ಪ ಕುಂದರ್ತಾನ್ರಿ? ಸಿದರಾಯ ದಡಕ್ಕನ ಎದ್ದ. ಬೆಂಚು ಹಿಂದ ಬಿತ್ತು.

"ಸಾಕ ಮಾಡ್ರಿ ಸಾಹೇಬ್ರ! ಸಣ್ಣ ಕೂಸಿನ್ನ ಯಾಕ ಹಿಂಡ್ತೀರಿ? ಏನ್ ಕೇಳೂದೈತಿ ನನ್ನ ಕೇಳ್ರಿ. ನಮ್ಮ ನಾಯೀದ ಐತಿ ಹೆಜ್ಜಿ, ಹೌದು! ಹುಡುಗೂರಿಗಿ ಆಣಿ ಹಾಕಿದಾಂವ ನಾನು. ಚಿಗರಿ ಹಿಡದದ್ದು ನಾಯಿ ತಪ್ಪು, ಹುಗದದ್ದು ನನ್ನ ತಪ್ಪು. ಒಯ್ಯೂದಿದ್ರ ನನ್ನ ಒಯ್ರಿ. ಪಾಠದ ನೆವಾ ಮಾಡಿ ಹಿಂಗ ಕಳ್ಳರಂಗ ಬರಬ್ಯಾಡ್ರಿ!"

ಒಂದ ಉಸರಿನ್ಯಾಗ ಹೇಳಿ ಮುಗಿಸಿದ. ರೇಂಜರ್ ಮಾರಿ ಮ್ಯಾಗಿನ ನಗಿ ಹಂಗ ನಿಂತಿತ್ತು, ಎಲ್ಲಿ ಹೋಗಬೇಕು ತಿಳೀದಂಗ.

"ಯಾವ ಚಿಗರಿ ರೀ?" ಅಂದ.

ಸಿದರಾಯ ಶೈಲಾನ ಬೆಂಚಿನ ಮ್ಯಾಲಿನ ಹೆಜ್ಜಿ ಕಡೆ ಬೆರಳ ಮಾಡಿದ.

"ಈ ಹೆಜ್ಜಿ ನಾ ಇಲ್ಲೇ ಗೇಟಿನ ಮುಂದ, ಬೋರಿಂಗಿನ ಕೆಸರಾಗ ತಗೊಂಡದ್ರಿ. ಮೊದಲನೇ ದಿನಾ ನಾಯಿ ಮಲಗಿತ್ತಲ್ಲ, ಆವಾಗ. ಹುಡುಗೂರಿಗೆಲ್ಲ ಗೊತ್ತಿರೂ ಹೆಜ್ಜಿ ಒಂದಿರಲಿ, ಶೈಲಾಗ ಖುಷಿ ಆಗ್ತೈತಿ ಅಂತ ತಂದೆ. ಸುಳ್ಳ ಹೇಳಾಕತ್ತಾಳ ಅಂತ ಗೊತ್ತಾಗಿ ಬೋನಿನ ಮಾತ ಚೇಷ್ಟೆಗಿ ಅಂದೆ." ಆಮ್ಯಾಲ ಕೇಳಿದ, ಈಗ ದನಿ ಬ್ಯಾರೆ ಇತ್ತು. "ಎಲ್ಲಿ ಹುಗದೀರಿ?"

ಹೇಳದ ಗತಿ ಇರಲಿಲ್ಲ. ರಸ್ತಾದ ಆಚೆ, ಜಾಲಿಕಂಟಿ ಬುಡಕ, ಅಂದ ಸಿದರಾಯ.

"ರಸ್ತಾದ ಹಂತ್ಯಾಕ?" ರೇಂಜರ್ ಟೇಬಲ್ ಮ್ಯಾಲ ಕೈ ಊರಿದ. "ಅಲ್ಲಿ ಗಾಡಿ ಬಡದು ಎಷ್ಟೋ ಸಾಯ್ತಾವ್ರಿ. ಗಾಡಿ ಬಡದ್ರ ಕಾಲರ ಮುರದಿರ್ತೈತಿ, ಪಕ್ಕೆರ ಒಡದಿರ್ತೈತಿ. ನಾಯಿ ಹಿಡದ್ರ ಕುತಗಿಗಿ ಹಲ್ಲ ನೆಟ್ಟಿರ್ತಾವು. ಸತ್ತದ್ದಕ್ಕ ನಾಯಿ ಆಮ್ಯಾಲ ಬಂದು ಬಾಯಿ ಹಾಕಿರಬೇಕು. ಕುತಗಿ ಹೆಂಗಿತ್ತು?"

"ನೋಡಿಲ್ರಿ."

"ಕಾಲು?"

"ಅದೂ ನೋಡಿಲ್ರಿ. ಹುಗಿಯೂ ಗಡಿಬಿಡ್ಯಾಗ..."

ರೇಂಜರ್ ಉಸರ ಬಿಟ್ಟ. ಬಿಳೇ ಹೆಜ್ಜಿಗಳನ್ನ ಒಂದೊಂದಾಗಿ ಪೆಟಗ್ಯಾಗ ಹಾಕಿದ. "ನಾ ಬಂದದ್ದು ಪಾಠಾ ಹೇಳಾಕರಿ. ಆದ್ರ ಕಿವಿಲೆ ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ನನಗ ಬರೂದಿಲ್ಲ. ತಗಸಬೇಕು, ಡಾಕ್ಟರ್ ನೋಡಬೇಕು. ಅಲ್ಲೀತನಕಾ ನಾಯಿ ನಮ್ಮ ತಾಬೇದಾಗ ಇರಬೇಕಾಗ್ತೈತಿ. ಅವತ್ತ ಮುಂಜಾನಿ ಒಂದ ಫೋನ್ ಮಾಡಿದ್ರ ಅಲ್ಲೇ ಗೊತ್ತಾಗ್ತಿತ್ತು. ಈಗ ಮಣ್ಣಾಗ ಕೊಳತದ್ದು ಏನ್ ಹೇಳ್ತೈತೋ ಏನಿಲ್ಲೋ. ನಡೀರಿ, ಜಾಗಾ ತೋರಸ್ರಿ."

ಸಿದರಾಯ ಟೊಪಗಿ ತಗದು ಕೈಯಾಗ ಹಿಡಕೊಂಡ. ಬೆಂಚಿನ ನಡುವ ಹಾದು ಬಾಗಿಲ ಕಡೆ ಹೊಂಟ. ಶೈಲಾನ ಹಂತ್ಯಾಕ ಬಂದಾಗ ಅಕಿ ತೋಳಿಲೆ ಮಾರಿ ಒರಸಿಕೊಂಡ್ಳು, ಹಳದಿ ಎಲ್ಲಾ ಕೆನ್ನೀಗಿ ಬಡೀತು. ಅಳು ನಿಂತಿತ್ತು.

"ಅಪ್ಪಾ" ಅಂದ್ಳು. "ನೀ ಕುತಗಿ ನೋಡದನ ಗಾಳ್ಯಾ ಹಿಡದೈತಿ ಅಂದಿಯಾ?"

ಸಿದರಾಯ ನಿಂತ. ಅಕಿ ಅಂವನ ಮಾರಿ ಇನ್ನೂ ನೋಡಾಕತ್ತಿದ್ಳು. ರೇಂಜರ್ ಹೊರಗ ಜೀಪ್ ಚಾಲೂ ಮಾಡಿದ್ದ, ಇಂವ ತಲಿ ತಗ್ಗಿಸಿ ಹೋಗಿ ಹತ್ತಿ ಕುಂತ.